ಚರಗದ ಹಿಂದಿನ ದನಿ

ನನ್ನ ನಾಲಿಗೆ ಚುರುಕು. ಹೆಮ್ಮೆಗೆ ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ಇಪ್ಪತ್ತು ವರ್ಷದ ಮೇಲಾಯಿತು, ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೇನೆ. ತರಗತಿಯಲ್ಲಿ ಪ್ರಶ್ನೆ ಕೇಳುವವಳೂ ನಾನೇ, ಮಕ್ಕಳು ಬಾಯಿ ತೆರೆಯುವಷ್ಟರಲ್ಲಿ ಉತ್ತರ ಹೇಳಿ ಬೋರ್ಡಿನ ಮೇಲೆ ಬರೆದುಬಿಡುವವಳೂ ನಾನೇ. ಪೋರ್ಷನ್ ಮುಗಿಯಬೇಕಲ್ಲ ಎಂಬುದು ನನ್ನ ಸಬೂಬು. ಮನೆಯಲ್ಲಿ ಯಾವ ಪೋರ್ಷನ್ನೂ ಇಲ್ಲ, ಆದರೂ ಅದೇ ಚಾಳಿ. ಗಂಡ ಒಂದು ಮಾತು ಶುರು ಮಾಡಿದರೆ ಅರ್ಧಕ್ಕೇ ಕಸಿದುಕೊಂಡು ಮುಗಿಸುತ್ತೇನೆ. ಅವರು ಈಗೀಗ ತಾವಾಗಿಯೇ ಅರ್ಧಕ್ಕೆ ನಿಲ್ಲಿಸಿ, ಉಳಿದದ್ದು ನೀನೇ ಹೇಳು ಎನ್ನುವಂತೆ ನನ್ನ ಮುಖ ನೋಡುತ್ತಾರೆ. ಇದನ್ನೆಲ್ಲ ನಾನು ಬಹಳ ದಿನ ತಮಾಷೆ ಎಂದೇ ತಿಳಿದಿದ್ದೆ.

ತಮಾಷೆಯಲ್ಲ ಎಂದು ಗೊತ್ತಾದದ್ದು ಅಪ್ಪನಿಗೆ ಮಾತು ನಿಂತ ವರ್ಷ.

ಅಪ್ಪ ಬಸ್ ಕಂಡಕ್ಟರ್ ಆಗಿದ್ದವನು. ಹೆಚ್ಚುಕಡಿಮೆ ಮೂವತ್ತು ವರ್ಷ ಕಲಬುರಗಿಯಿಂದ ಕಮಲಾಪುರದ ಮೇಲೆ ಹುಮನಾಬಾದಿಗೆ ಹೋಗುವ ಬಸ್ಸಿನಲ್ಲಿ ಟಿಕೀಟು ಹರಿದ. ಅವನ ದೊಡ್ಡ ಆಸ್ತಿಯೆಂದರೆ ದನಿ. ಬಸ್ ಸ್ಟ್ಯಾಂಡಿನಲ್ಲಿ ನಿಂತು ‘ಕಮಲಾಪುರ, ಕಮಲಾಪುರ’ ಎಂದು ಕೂಗಿದರೆ ಬೇರೆ ಊರಿಗೆ ಹೊರಟವರೂ ಗಲಿಬಿಲಿಯಾಗಿ ಹತ್ತಿಬಿಡುತ್ತಿದ್ದರು ಎಂದು ಡ್ರೈವರ್ ಚಾಚಾ ಇವತ್ತಿಗೂ ಹೇಳುತ್ತಾರೆ. ಈ ಚಾಚಾ ಅಪ್ಪನ ಜೊತೆ ಅದೇ ಬಸ್ಸಿನಲ್ಲಿ ಹದಿನೆಂಟು ವರ್ಷ ಸ್ಟೇರಿಂಗ್ ಹಿಡಿದವರು. ಶಹಾಬಜಾರದಲ್ಲಿ ನನ್ನ ತವರುಮನೆಯಿಂದ ಎರಡು ಗಲ್ಲಿ ಆಚೆಗೆ ಅವರ ಮನೆ. ಅಪ್ಪ ಅವರನ್ನು ಕರೆಯುವುದು ಉಸ್ತಾದ್ ಎಂದು, ಅವರು ಅಪ್ಪನನ್ನು ಕರೆಯುವುದು ಭಾಯಿ ಎಂದು. ಇಬ್ಬರೂ ರಿಟೈರಾದ ಮೇಲೂ ದಿನಾ ಸಂಜೆ ಒಂದೇ ಕಟ್ಟೆಯ ಮೇಲೆ ಕೂತು, ಹೋಗುವ ಬರುವ ಗಾಡಿಗಳಿಗೆಲ್ಲ ತಪ್ಪು ಹುಡುಕುತ್ತಿದ್ದರು.

ಗಣಪತಿ ಹಬ್ಬ ಮುಗಿದ ವಾರ ಅಪ್ಪನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಬಲಗಾಲು ಸೋತವು. ದಿನ ಕಳೆದಂತೆ ಕಾಲು ಸುಧಾರಿಸಿತು, ಒಬ್ಬರು ತೋಳು ಹಿಡಿದರೆ ನಡೆಯುವಂತಾದ. ಮಾತು ಮಾತ್ರ ಬರಲಿಲ್ಲ. ಅವರಿಗೆ ಎಲ್ಲ ತಿಳಿಯುತ್ತದೆ, ಹೇಳಬೇಕಾದ ಪದ ಕೈಗೆ ಸಿಗುವುದಿಲ್ಲ ಎಂದು ಡಾಕ್ಟರು ವಿವರಿಸಿದರು. ನಾನು ತಲೆ ಅಲ್ಲಾಡಿಸಿದೆ. ತಿಳಿದವಳಂತೆ ತಲೆ ಅಲ್ಲಾಡಿಸುವುದೂ ನನ್ನ ಚಾಳಿಯೇ.

ಐವಾನ್-ಎ-ಶಾಹಿ ಕಡೆ ಮಾತು ಕಲಿಸುವ ಒಬ್ಬ ತರುಣಿಯ ಸಣ್ಣ ಕ್ಲಿನಿಕ್ ಇತ್ತು. ವಾರಕ್ಕೆ ಎರಡು ಸಲ ಅಪ್ಪನನ್ನು ನಾನೇ ಕರೆದೊಯ್ಯುತ್ತಿದ್ದೆ. ಕುಸನೂರಿನ ನನ್ನ ಮನೆಯಿಂದ ಶಹಾಬಜಾರಕ್ಕೆ ಬಂದು, ಅಪ್ಪನನ್ನು ಹತ್ತಿಸಿಕೊಂಡು, ಕಾಲೇಜಿಗೆ ಹೊತ್ತಾಗದಂತೆ ಓಡುವ ದಿನಗಳವು. ಆಕೆ ಚಿತ್ರದ ಕಾರ್ಡುಗಳನ್ನು ಒಂದೊಂದಾಗಿ ಎತ್ತಿ ತೋರಿಸುತ್ತಿದ್ದಳು. ಕೊಡ, ಕುರ್ಚಿ, ಎತ್ತು. ಒಂದು ದಿನ ಬಾಳೆಹಣ್ಣಿನ ಚಿತ್ರ ತೋರಿಸಿದಳು. ಅಪ್ಪ ಅದನ್ನು ನೋಡಿ ಜೋರಾಗಿ ತಲೆ ಕೊಡವಿದ. ಆಕೆ ಮತ್ತೆ ತೋರಿಸಿದಳು, ಅಪ್ಪ ಸಿಟ್ಟಿನಿಂದ ಕಾರ್ಡನ್ನೇ ಮಗುಚಿಟ್ಟ. ಚಿತ್ರ ಗುರುತು ಹಿಡಿಯಲಿಲ್ಲ ಎಂದು ಆಕೆ ತನ್ನ ಹಾಳೆಯಲ್ಲಿ ಬರೆಯತೊಡಗಿದಳು. ನನಗೆ ತಡೆಯಲಾಗಲಿಲ್ಲ. ಹಾಗಲ್ಲ, ನಮ್ಮ ಹೊಲ ಕಮಲಾಪುರದ್ದು, ಬಾವಿಯ ಪಕ್ಕ ಹತ್ತಿಪ್ಪತ್ತು ಕೆಂಪು ಬಾಳೆ ಇವೆ, ಅಪ್ಪನ ಲೆಕ್ಕದಲ್ಲಿ ಬಾಳೆಹಣ್ಣು ಅಂದರೆ ಕೆಂಪು, ಹಳದಿಯದು ಅವನಿಗೆ ಯಾವತ್ತೂ ಬಾಳೆಯೇ ಅಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಆಕೆ ನಕ್ಕಳು, ಹಾಳೆಯ ಮೇಲಿನದನ್ನು ಹೊಡೆದು ಹಾಕಿದಳು. ಆದರೆ ಆಮೇಲೆ ಮೆಲ್ಲಗೆ ಹೇಳಿದಳು.

“ಮೇಡಂ, ನಿಮಗ ಬರ್ತದಂತ ನನಗ ಗೊತ್ತದ ರೀ. ಅವರಿಗಿ ಬರ್ತದೇನು ನೋಡೋಣು.”

ಅಪ್ಪ ಒಂದು ಪದಕ್ಕೆ ತಡಕಾಡುವಾಗ ನಾನು ಮನಸ್ಸಿನಲ್ಲೇ ಹತ್ತು ಎಣಿಸಬೇಕಂತೆ. ಹತ್ತಾದ ಮೇಲೂ ಬರದಿದ್ದರೆ ಇನ್ನೊಮ್ಮೆ ಹತ್ತು. ನಾನು ಹೂಂ ಎಂದೆ. ಅವತ್ತು ಮನೆಗೆ ಬಂದು ಅಪ್ಪ ನೀರಿನ ತಂಬಿಗೆಯ ಕಡೆ ನೋಡಿ ತುಟಿ ಅಲ್ಲಾಡಿಸಿದಾಗ ಮೂರಕ್ಕೇ ನನ್ನ ಎಣಿಕೆ ಮುರಿಯಿತು. ನೀರು ಬೇಕಾ ಎಂದು ಕೇಳಿ ಕುಡಿಸಿಯೂಬಿಟ್ಟೆ. ಅಪ್ಪ ಕುಡಿದ. ಅವನಿಗೆ ಬೇಕಾದದ್ದು ನೀರೇ ಆಗಿತ್ತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ.

ಡಿಸೆಂಬರ್ ಬಂತು. ಮಗಳ ಕಾನ್ವೆಂಟಿಗೆ ಕ್ರಿಸ್‌ಮಸ್ ರಜೆ. ನಾನೂ ಉಳಿದಿದ್ದ ಸಿ.ಎಲ್. ಎಲ್ಲ ಕೂಡಿಸಿ ಹಾಕಿ, ಅವಳನ್ನು ಕರೆದುಕೊಂಡು ಶಹಾಬಜಾರದ ಮನೆಗೆ ಬಂದು ಉಳಿದೆ. ಕಲಬುರಗಿಯಲ್ಲಿ ಚಳಿ ಇರುವುದೇ ಕೆಲವು ವಾರ, ಆ ವಾರಗಳಲ್ಲೇ ನಮ್ಮ ದೊಡ್ಡ ಹಬ್ಬ ಎಳ್ಳಮಾವಾಸ್ಯೆ. ಹಬ್ಬ ಗುಡಿಯಲ್ಲಲ್ಲ, ಹೊಲದಲ್ಲಿ. ಎದೆಮಟ್ಟ ಬೆಳೆದ ಜೋಳ ಆಗ ಹೊಡೆ ಹಾಯುವ ಹೊತ್ತು, ಕಡಲೆಗೆ ಕಾಯಿ ಕಟ್ಟುವ ಹೊತ್ತು. ಭೂಮಿತಾಯಿ ಬಸುರಿ, ಅವಳಿಗೆ ಬಯಕೆಯ ಊಟ ಬಡಿಸಬೇಕು ಎಂದು ಅವ್ವ ಹೇಳುತ್ತಾಳೆ. ಸಜ್ಜೆ ರೊಟ್ಟಿ, ಕಡಬು, ಶೇಂಗಾ ಹೋಳಿಗೆ, ಅಂಬಲಿ, ಎಲ್ಲಕ್ಕಿಂತ ಮುಖ್ಯವಾಗಿ ಭಜ್ಜಿ. ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದಲ್ಲ. ಆ ಕಾಲಕ್ಕೆ ಹೊಲದಲ್ಲಿ ಸಿಗುವ ಅಷ್ಟೂ ಹಸಿಕಾಳು, ಅಷ್ಟೂ ಸೊಪ್ಪು ಕೂಡಿಸಿ, ಮಜ್ಜಿಗೆ, ಕಡಲೆಹಿಟ್ಟು ಹಾಕಿ ಕುದಿಸುವ ಗಟ್ಟಿ ಪಲ್ಯ. ಚಾಚಾ ಈ ಭಜ್ಜಿಗಾಗಿ ವರ್ಷವಿಡೀ ಕಾಯುತ್ತಾರೆ. ಅವರಿಲ್ಲದೆ ನಮ್ಮ ಹೊಲದಲ್ಲಿ ಎಳ್ಳಮಾವಾಸ್ಯೆ ಆದದ್ದು ನನಗೆ ನೆನಪಿಲ್ಲ.

ಉಣ್ಣುವ ಮೊದಲು ಚರಗ ಚೆಲ್ಲಬೇಕು. ಮಾಡಿದ್ದನ್ನೆಲ್ಲ ಒಂದಿಷ್ಟು ಕಲಸಿ ಬುಟ್ಟಿಯಲ್ಲಿ ಹಾಕಿಕೊಂಡು ಒಬ್ಬರು ಮುಂದೆ ಹೋಗುತ್ತಾರೆ, ಹೊಲದ ಮೂಲೆ ಮೂಲೆಗೆ ನಿಂತು ಬೆಳೆಯ ಮೇಲೆ ಎರಚುತ್ತಾರೆ. ತಂಬಿಗೆ ಹಿಡಿದ ಇನ್ನೊಬ್ಬರು ಹಿಂದೆ ನೀರು ಚಿಮುಕಿಸುತ್ತ ಹೋಗುತ್ತಾರೆ. ಮುಂದಿನವರು ‘ಹುಲಗ್ಯೋ ಹುಲಗ್ಯೋ’ ಎಂದು ಕೂಗಬೇಕು, ಹಿಂದಿನವರು ‘ಚಲ್ಲಂಬ್ರಗ್ಯೋ’ ಎಂದು ಓಗೊಡಬೇಕು. ಊರಿಗೊಂದು ರೀತಿ ಕೂಗುತ್ತಾರೆ, ಅರ್ಥ ಯಾರಿಗೂ ಗೊತ್ತಿಲ್ಲ, ಗೊತ್ತಿಲ್ಲವೆಂದು ಯಾರೂ ಬಿಟ್ಟಿಲ್ಲ. ನಮ್ಮ ಮನೆಯಲ್ಲಿ ಇದಕ್ಕೆ ಎರಡು ನೇಮ ಇದ್ದವು. ಮುಂದೆ ಹೋಗುವವರು ಹಿಂದೆ ತಿರುಗಿ ನೋಡಬಾರದು. ಹಿಂದಿನಿಂದ ಓಗೊಡುವವರೆಗೆ ಮುಂದಿನ ಹೆಜ್ಜೆ ಇಡಬಾರದು.

ಮುಂದೆ ಯಾವಾಗಲೂ ಅಪ್ಪ. ತಂಬಿಗೆ ಹಿಡಿದು ಹಿಂದೆ ನಾನು, ಏಳೆಂಟು ವರ್ಷದವಳಿದ್ದಾಗಿನಿಂದ ಮದುವೆಯಾಗುವವರೆಗೆ. ಗಂಡುಮಕ್ಕಳಿಲ್ಲದ ಮನೆ ಎಂದು ಯಾರಾದರೂ ಮೂಗು ಮುರಿದರೆ ಅಪ್ಪ ತನ್ನ ಬಸ್ ಸ್ಟ್ಯಾಂಡ್ ದನಿಯಲ್ಲಿ ಅವರ ಬಾಯಿ ಮುಚ್ಚಿಸುತ್ತಿದ್ದ. ಆದರೆ ನನಗೆ ಹೊಟ್ಟೆ ಹಸಿದಿರುತ್ತಿತ್ತು, ಬಾಯಲ್ಲಿ ಭಜ್ಜಿಯ ನೀರೂರುತ್ತಿತ್ತು. ಅಪ್ಪನ ಕೂಗು ಮುಗಿಯುವ ಮೊದಲೇ ಗಡಬಡಿಸಿ ಓಗೊಟ್ಟುಬಿಡುತ್ತಿದ್ದೆ. ಅಪ್ಪ ತಿರುಗದೆಯೇ ಹೇಳುತ್ತಿದ್ದ.

“ತಡಿ. ನಾ ಇನ್ನಾ ಮುಗಿಸಿಲ್ಲ.”

ಪ್ರತಿ ಮೂಲೆಯಲ್ಲೂ ಒಮ್ಮೆಯಾದರೂ ಈ ‘ತಡಿ’ ನನ್ನ ಪಾಲಿಗೆ ಇದ್ದೇ ಇರುತ್ತಿತ್ತು. ಒಂದು ವರ್ಷ ಸಿಟ್ಟು ಬಂದು ನಾನು ಸುಮ್ಮನೆ ನಿಂತುಬಿಟ್ಟೆ, ಓಗೊಡಲೇ ಇಲ್ಲ. ಅಪ್ಪನೂ ಬೆನ್ನು ಮಾಡಿ ನಿಂತ. ತಿರುಗಲಿಲ್ಲ, ಬೈಯಲಿಲ್ಲ, ಕಾಲೆತ್ತಲಿಲ್ಲ. ಬಿಸಿಲು ಏರಿತು. ಕೊನೆಗೆ ನಾನೇ ಸೋತು ಓಗೊಟ್ಟೆ. ಹಿಂದಿನವರು ಭೂಮಿತಾಯಿಯ ಪರವಾಗಿ ಹೂಂ ಅನ್ನುವುದು, ಆಕೆ ಹೂಂ ಅನ್ನದೆ ನಾವು ಮುಂದೆ ಹೋದರೆ ಕೊಟ್ಟದ್ದು ಮುಟ್ಟಿದ್ದೋ ಇಲ್ಲವೋ ಹೇಗೆ ಗೊತ್ತಾಗಬೇಕು ಎಂದು ಅಪ್ಪ ಊಟಕ್ಕೆ ಕೂತಾಗ ತಿಳಿಸಿ ಹೇಳಿದ. ಆಗ ನನ್ನ ಗಮನವೆಲ್ಲ ಕಡಬಿನ ಮೇಲಿತ್ತು.

ಈ ವರ್ಷ ಅವ್ವ ಎಳ್ಳಮಾವಾಸ್ಯೆಯ ಹೆಸರು ಎತ್ತಿದ್ದೇ ತಡ, ಅಪ್ಪ ಗೋಡೆಯ ಕಡೆ ಹೊರಳಿ ಮಲಗಿದ. ಎರಡನೆಯ ಸಲ ಕೇಳಿದಾಗಲೂ ಹಾಗೆಯೇ. ಬರುವುದಿಲ್ಲ ಎನ್ನಲು ಅವನಿಗೆ ಮಾತು ಬೇಕಿರಲಿಲ್ಲ. ಕೂಗಲಾರದವನು ಹೊಲಕ್ಕೆ ಯಾವ ಮುಖ ಇಟ್ಟುಕೊಂಡು ಹೋಗಲಿ ಎಂಬುದು ಅವನ ಬೆನ್ನು ನೋಡಿದರೇ ತಿಳಿಯುತ್ತಿತ್ತು. ಅವ್ವನದು ಇನ್ನೊಂದು ಹಟ. ಅವರು ಬರದಿದ್ದರೆ ನಾನೂ ಒಲೆ ಹೊತ್ತಿಸುವುದಿಲ್ಲ, ಈ ವರ್ಷ ಭೂಮಿತಾಯಿಗೆ ಇಲ್ಲಿಂದಲೇ ಕೈ ಮುಗಿಯುತ್ತೇನೆ ಎಂದಳು. ನಾನು ಹುಟ್ಟಿದ ವರ್ಷ ಕೂಡ ತಪ್ಪದ ಚರಗ ಈ ಸಲ ತಪ್ಪುವ ಹಾಗಿತ್ತು. ನನಗೆ ಹೆದರಿಕೆಯಾದದ್ದು ಚರಗ ತಪ್ಪುವುದಕ್ಕಲ್ಲ. ಈಗ ಗೋಡೆಗೆ ಹೊರಳಿದ ಅಪ್ಪ ಮತ್ತೆ ಈ ಕಡೆ ಹೊರಳದಿದ್ದರೆ ಏನು ಗತಿ ಎಂದು ಹೆದರಿದ್ದೆ.

ಹೆದರಿದಾಗ ನಾನು ಬುದ್ಧಿವಂತಳಾಗುತ್ತೇನೆ, ಅದೇ ನನ್ನ ಕೆಟ್ಟ ಗುಣ. ಹೋದ ವರ್ಷ ಮಗಳು ಚರಗದ ವಿಡಿಯೊ ಮಾಡಿದ್ದಳು. ಹುಡುಕಿದರೆ ನನ್ನ ಫೋನಿನಲ್ಲೇ ಇತ್ತು. ಅಪ್ಪನ ದನಿ ಸ್ವಚ್ಛವಾಗಿ, ಗಾಳಿಯ ಸದ್ದನ್ನೂ ಮೀರಿ ಕೇಳುತ್ತಿತ್ತು. ಇದನ್ನೇ ಬ್ಲೂಟೂತ್ ಸ್ಪೀಕರಿಗೆ ಹಾಕಿ ಹೊಲದಲ್ಲಿ ಕೇಳಿಸಿದರಾಯಿತು, ಕೂಗು ಅಪ್ಪನದೇ, ಚರಗವೂ ತಪ್ಪಲಿಲ್ಲ, ಅಪ್ಪನಿಗೂ ಕಷ್ಟವಿಲ್ಲ ಎಂದುಕೊಂಡೆ. ಸಮಸ್ಯೆ ಬಿಡಿಸಿದ ಖುಷಿಯಲ್ಲಿ ಓಡಿಹೋಗಿ, ಮಂಚದ ಅಂಚಿಗೆ ಕೂತು, ಫೋನನ್ನು ಅವನ ಕಿವಿಯ ಹತ್ತಿರ ಹಿಡಿದೆ.

‘ಹುಲಗ್ಯೋ ಹುಲಗ್ಯೋ’ ಎಂದು ಫೋನು ಕೂಗಿತು. ಅಪ್ಪ ಬೆಚ್ಚಿಬಿದ್ದು ಈ ಕಡೆ ತಿರುಗಿದ. ಯಾರು ಕರೆದರು ಎಂದು ಒಂದು ಗಳಿಗೆ ಬಾಗಿಲ ಕಡೆ ನೋಡಿದ. ಆಮೇಲೆ ತಿಳಿಯಿತು. ಅವನ ಕಣ್ಣು ತುಂಬಿತು, ಮುಖ ಕೆಂಪಾಯಿತು. ಒಳ್ಳೆಯ ಕೈಯಿಂದ ಫೋನನ್ನು ಹೊಡೆದ. ಅದು ಕೆಳಗೆ ಬಿದ್ದು ಗಾಜು ಸೀಳಿತು, ಬಿದ್ದಲ್ಲಿಂದಲೇ ಇನ್ನೆರಡು ಸಲ ಕೂಗಿತು. ನಾನು ಬಗ್ಗಿ ಅದನ್ನು ಆರಿಸಿದೆ. ಅಪ್ಪ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡ.

ಎರಡು ದಿನ ನನ್ನ ಕೈಯಿಂದ ಚಹಾ ಕೂಡ ತೆಗೆದುಕೊಳ್ಳಲಿಲ್ಲ. ಅವ್ವ ಕೊಟ್ಟರೆ ಕುಡಿಯುತ್ತಿದ್ದ. ಅಪ್ಪನ ಪರವಾಗಿ ಮಾತಾಡಿ ಮಾತಾಡಿ, ಕಡೆಗೆ ಅವನ ದನಿಯನ್ನೇ ಅವನಿಂದ ಕಿತ್ತುಕೊಂಡು ಡಬ್ಬಿಯಲ್ಲಿ ಹಾಕಿದ್ದೆ ನಾನು. ನಾಚಿಕೆಯಿಂದ ಸಾಯುವಂತಾಯಿತು.

ಅವ್ವ ದಿನಾ ಬೆಳಿಗ್ಗೆ ಸ್ನಾನ ಮಾಡಿ ಅಡುಗೆಮನೆಯ ಮೂಲೆಯಲ್ಲಿ ಲಿಂಗಪೂಜೆಗೆ ಕೂಡುತ್ತಾಳೆ. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ವಿಭೂತಿ ಹಚ್ಚಿ, ಪತ್ರಿ ಏರಿಸಿ, ಆಮೇಲೆ ಎಷ್ಟೋ ಹೊತ್ತು ಅದನ್ನೇ ನೋಡುತ್ತ ಕೂತಿರುತ್ತಾಳೆ. ನಾನು ಅದನ್ನೆಲ್ಲ ಬಿ.ಎಸ್ಸಿ. ಸೇರಿದ ವರ್ಷವೇ ಬಿಟ್ಟವಳು, ಬಿಟ್ಟದ್ದಕ್ಕೆ ದೊಡ್ಡ ದೊಡ್ಡ ಕಾರಣಗಳನ್ನೂ ಹೇಳಿದವಳು. ಆ ಎರಡು ದಿನ ಬೇರೆ ಎಲ್ಲೂ ಕೂಡಲು ಮನಸ್ಸಾಗದೆ ಅವಳ ಪಕ್ಕ ಹೋಗಿ ಕೂತೆ. ಪೂಜೆ ಮುಗಿದ ಮೇಲೆ, ಅಷ್ಟು ಹೊತ್ತು ಏನು ಕೇಳಿಕೊಳ್ಳುತ್ತೀ, ಅಪ್ಪನ ಮಾತು ಬರಲಿ ಎಂದೇ ಎಂದು ಕೇಳಿದೆ. ಎಂದಿನಂತೆ ಉತ್ತರವನ್ನೂ ಪ್ರಶ್ನೆಯೊಳಗೇ ಹಾಕಿಟ್ಟಿದ್ದೆ.

“ಏನೂ ಕೇಳಂಗಿಲ್ಲ,” ಎಂದಳು ಅವ್ವ. “ನಾನೇ ಮಾತಾಡಾಕತ್ತಿದ್ರ ದೇವ್ರ ಮಾತು ಹ್ಯಾಂಗ ಕೇಳಸ್ತದ. ಸುಮ್ಮ ಕೂಡ್ತೀನಿ.”

ನಾನು ಅಲ್ಲೇ ಕೂತು, ಉದುರಿದ ಪತ್ರಿ ಆರಿಸಿದೆ.

ಮೂರನೆಯ ದಿನ ಸಂಜೆ ಚಾಚಾ ಬಂದರು. ಫೋನಿನ ಕತೆ ಅವ್ವ ಅವರಿಗೆ ಹೇಳಿದ್ದಳೆಂದು ಅವರು ನನ್ನನ್ನು ನೋಡಿದ ರೀತಿಯಲ್ಲೇ ಗೊತ್ತಾಯಿತು, ಆದರೆ ಬೈಯಲಿಲ್ಲ. ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಕಂಬಳಿಯ ಕಡೆ ಮುಖ ಮಾಡಿ ಹೇಳಿದರು.

“ಭಾಯಿ, ಅಮಾಸಿ ದಿನ ನಾ ಗಾಡಿ ಹೊಡಿತೀನಿ. ನೀ ರೈಟ್ ಕೊಟ್ರ ಹೋಗೂಣು. ಕೊಡಲಿಲ್ಲಂದ್ರ ಇಬ್ಬರೂ ಇಲ್ಲೇ ಕೂಡೂಣು.”

ಅಪ್ಪ ಅಲುಗಲಿಲ್ಲ. ಚಾಚಾ ಚಹಾ ಕುಡಿದರು, ಕಪ್ಪನ್ನು ಕೆಳಗಿಟ್ಟರು, ಎದುರು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತರು. ಐದು ನಿಮಿಷ, ಹತ್ತು ನಿಮಿಷ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಚಡಪಡಿಸುತ್ತಿದ್ದೆ. ಅಪ್ಪನಿಗೆ ಕೇಳಿಸಿತೋ ಇಲ್ಲವೋ, ಇನ್ನೊಮ್ಮೆ ಹೇಳಬಾರದೇ, ನಾನೇ ಹೋಗಿ ಹೇಳಲೇ ಎಂದು ಎರಡು ಸಲ ಹೆಜ್ಜೆ ಎತ್ತಿದೆ. ಹಿಟ್ಟು ನಾದುತ್ತಿದ್ದ ಅವ್ವ ಹಿಟ್ಟಿನ ಕೈಯಿಂದಲೇ ನನ್ನ ಸೆರಗು ಹಿಡಿದು ಜಗ್ಗಿದಳು. ಹೊರಗೆ ಮುಸ್ಸಂಜೆಯ ಮಗ್ರಿಬ್ ಆಜಾನ್ ಶುರುವಾಯಿತು. ಚಾಚಾ ನಮಾಜಿಗೆ ಏಳುತ್ತಾರೆ, ಈ ಮಾತು ಇಲ್ಲಿಗೇ ಮುಗಿಯಿತು ಎಂದುಕೊಂಡೆ. ಅವರು ಎದ್ದರು, ಹೊರಗೆ ಹೋಗಲಿಲ್ಲ. ನಮ್ಮ ಬಚ್ಚಲಿನಲ್ಲೇ ಕೈಕಾಲು ಮುಖ ತೊಳೆದು ಬಂದು, ಮಂಚದ ಪಕ್ಕ ತಮ್ಮ ರುಮಾಲು ಹಾಸಿ ಅಲ್ಲೇ ನಮಾಜು ಮಾಡಿದರು. ಮುಗಿಸಿ ಮತ್ತೆ ಅದೇ ಕುರ್ಚಿಯಲ್ಲಿ ಕೂತರು.

ಆಗ ಕಂಬಳಿಯೊಳಗಿಂದ ಅಪ್ಪನ ಎಡಗೈ ಹೊರಗೆ ಬಂತು. ಬೆರಳ ಗೆಣ್ಣಿನಿಂದ ಮಂಚದ ಪಟ್ಟಿಯನ್ನು ಎರಡು ಸಲ ಕುಟ್ಟಿತು. ಟಕ್ ಟಕ್. ಬಸ್ಸಿನಲ್ಲಿ ಕಂಡಕ್ಟರು ಎರಡು ಸಲ ಗಂಟೆ ಎಳೆದರೆ ಡ್ರೈವರ್ ಗಾಡಿ ಬಿಡಬೇಕು. ಚಾಚಾ ಎದ್ದು, ಅಮಾವಾಸ್ಯೆಯ ಬೆಳಿಗ್ಗೆ ಎಂಟಕ್ಕೆ ಬರುತ್ತೇನೆ ಎಂದು ಅವ್ವನಿಗೆ ಹೇಳಿ ಹೋದರು. ಅವರ ಕಣ್ಣು ಒದ್ದೆಯಾಗಿತ್ತು. ನನ್ನದನ್ನು ಕೇಳುವುದೇ ಬೇಡ.

ಅಮಾವಾಸ್ಯೆಯ ದಿನ ಗಲ್ಲಿಯೆಲ್ಲ ಭಜ್ಜಿಯ ವಾಸನೆ. ಎಪ್ಪತ್ತು ದಾಟಿದ ಚಾಚಾ ನನ್ನ ಕಾರಿನ ಸ್ಟೇರಿಂಗ್ ಹಿಡಿದರು. ಅವರ ಪಕ್ಕ ಬುಟ್ಟಿ ಬುತ್ತಿಗಳ ಜೊತೆ ಅವ್ವ, ಹಿಂದೆ ಅಪ್ಪ, ನಾನು, ಮಗಳು. ಎಲ್ಲರೂ ಕೂತು ಬಾಗಿಲು ಹಾಕಿದ ಮೇಲೂ ಗಾಡಿ ಹೊರಡಲಿಲ್ಲ. ಹಿಂದೆ ಒಬ್ಬ ಬೈಕಿನವನು ಹಾರ್ನ್ ಬಾರಿಸುತ್ತಿದ್ದ. ರೈಟ್ ಚಾಚಾ, ಎಲ್ಲ ಆಯಿತು, ನಡೀರಿ ಎಂದೆ. ಚಾಚಾ ಕನ್ನಡಿಯಲ್ಲಿ ನನ್ನನ್ನು ನೋಡಿದರು.

“ನೀ ಕಂಡಕ್ಟರ್ ಏನ್ ಬೇಟಿ?”

ಅಪ್ಪ ಕಿಟಕಿಯ ಗಾಜಿನ ಮೇಲೆ ಎರಡು ಸಲ ಕುಟ್ಟಿದ. ಗಾಡಿ ಹೊರಟಿತು. ಅಷ್ಟು ದಿನಗಳ ನಂತರ ಅಪ್ಪನ ಮುಖದಲ್ಲಿ ನಗುವಿನಂಥದ್ದೇನೋ ಕಂಡಿತು, ಒಂದೇ ಬದಿಯಲ್ಲಿ. ದಾರಿಯುದ್ದಕ್ಕೂ ಚಾಚಾ ತಾವೊಬ್ಬರೇ ಮಾತಾಡಿದರು. ಹದಿನೆಂಟು ವರ್ಷದಲ್ಲಿ ಭಾಯಿ ರೈಟ್ ಕೊಡದೆ ತಾವು ಒಮ್ಮೆಯೂ ಬ್ರೇಕಿನಿಂದ ಕಾಲು ತೆಗೆದವರಲ್ಲವಂತೆ. ಯಾರೋ ಮುದುಕಿ ಗಂಟು ಏರಿಸುವುದು ತಡವಾಗಿ, ಜನ ಎಷ್ಟು ಕೂಗಾಡಿದರೂ ತಾವು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲವಂತೆ. ಹಿಂದೆ ಏನು ನಡೆದಿದೆಯೋ ಡ್ರೈವರಿಗೆ ಕಾಣುವುದಿಲ್ಲ, ಅದು ಹಿಂದಿದ್ದವನಿಗೇ ಗೊತ್ತು ಎಂದು ಮಗಳಿಗೆ ವಿವರಿಸಿದರು. ನಾನು ಕಿಟಕಿಯ ಹೊರಗೆ ತೊಗರಿ ಹೊಲಗಳನ್ನು ನೋಡುತ್ತ ಕೂತಿದ್ದೆ.

ಕಮಲಾಪುರದ ಹೊಲದಲ್ಲಿ ಜೋಳ ಎದೆಮಟ್ಟ ನಿಂತಿತ್ತು. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಸುಣ್ಣ ಬಳಿದು, ಅವ್ವ ಪಾಂಡವರ ಪೂಜೆ ಮಾಡಿದಳು. ಮಗಳು ಊದುಬತ್ತಿ ಬೆಳಗಿದಳು. ಅಪ್ಪ ಬಾವಿಯ ಕಟ್ಟೆಯ ಮೇಲೆ ಕೂತು ತನ್ನ ಕೆಂಪು ಬಾಳೆಗಳನ್ನು ಒಂದೊಂದನ್ನೇ ನೋಡುತ್ತಿದ್ದ. ನೆಟ್ಟು ಒಂದೂವರೆ ವರ್ಷಕ್ಕೆ ಗೊನೆ ಕೊಡುವ ಆ ಬಾಳೆಯನ್ನು ಬಿಟ್ಟು ಬೇಗ ಬರುವ ಜಾತಿ ಹಾಕು ಎಂದು ನಾನು ಎಷ್ಟೋ ಸಲ ಉಪದೇಶ ಮಾಡಿದ್ದುಂಟು. ಅದೂ ಅಪ್ಪ ಕಿವಿಗೆ ಹಾಕಿಕೊಳ್ಳದ ಮಾತುಗಳಲ್ಲೊಂದು.

ಚರಗದ ಬುಟ್ಟಿ ತಯಾರಾಯಿತು. ಹೊಲವನ್ನು ಪಾಲಿಗೆ ಮಾಡುವವನನ್ನು ಕರೆದರೆ ಅವನೇ ಚೆಲ್ಲುತ್ತಾನೆ ಎಂದು ಅವ್ವ ಮೊದಲೇ ನನಗೆ ಹೇಳಿಟ್ಟಿದ್ದಳು. ಅವನು ಆಗಲೇ ತನ್ನ ಮನೆಯವರ ಜೊತೆ ಆಚೆ ಬದುವಿನ ಮೇಲೆ ಬಂದು ನಿಂತಿದ್ದ. ನಾನು ಅವನಿಗೆ ಕೊಡಲು ಬುಟ್ಟಿ ಎತ್ತಿದೆ. ಅಷ್ಟರಲ್ಲಿ ಅಪ್ಪ ಕಟ್ಟೆಯಿಂದ ಎದ್ದ. ಚಾಚಾ ಓಡಿಬಂದು ಬಲತೋಳು ಹಿಡಿದರು. ಅಪ್ಪ ನಡೆದು ಬಂದದ್ದು ಬುಟ್ಟಿಯ ಹತ್ತಿರಕ್ಕಲ್ಲ, ತಂಬಿಗೆಯ ಹತ್ತಿರಕ್ಕೆ. ಬಗ್ಗಿ ಎಡಗೈಯಿಂದ ಅದನ್ನು ಎತ್ತಿಕೊಂಡ. ಸ್ವಲ್ಪ ನೀರು ಧೋತರದ ಮೇಲೆ ಚೆಲ್ಲಿತು. ಆಮೇಲೆ ನನ್ನ ಕಡೆ ನೋಡಿ, ಮುಂದೆ ಹೋಗು ಎಂದು ಗದ್ದ ಎತ್ತಿ ತೋರಿಸಿದ.

ನಮ್ಮ ಕಡೆ ಹೆಂಗಸರು ಮುಂದೆ ನಿಂತು ಚರಗ ಚೆಲ್ಲಿದ್ದನ್ನು ನಾನು ಕಂಡಿಲ್ಲ. ಅವ್ವನ ಮುಖ ನೋಡಿದೆ. ಆಕೆ ಸೆರಗು ತಲೆಯ ಮೇಲೆ ಎಳೆದುಕೊಂಡು, ಇಡೀ ನಾಲ್ಕು ಎಕರೆ ಬೇಡ, ಬಾವಿಯ ಸುತ್ತಲಿನ ತುಂಡಿನ ನಾಲ್ಕು ಮೂಲೆ ಸಾಕು ಎಂದಳು, ಅಷ್ಟೇ.

ಮೊದಲ ಮೂಲೆಯಲ್ಲಿ ನಿಂತು ಒಂದು ಹಿಡಿ ಎರಚಿ ಕೂಗಿದೆ. ‘ಹುಲಗ್ಯೋ ಹುಲಗ್ಯೋ.’ ತರಗತಿಯಲ್ಲಿ ಅಷ್ಟು ಜೋರಾಗಿ ಏಳುವ ದನಿ ಅಲ್ಲಿ ಸಣ್ಣಗಾಗಿತ್ತು. ಕೂಗಿ ನಿಂತೆ. ಹಿಂದೆ ಏನೂ ಇಲ್ಲ. ನೀರು ಮಣ್ಣಿಗೆ ಬಿದ್ದ ಸದ್ದು ಕೇಳಿತು, ಆಮೇಲೆ ಅದೂ ನಿಂತಿತು. ತಿರುಗಿ ನೋಡುವಂತಿಲ್ಲ. ಅಪ್ಪನ ಬಾಯಿ ಹೇಗೆ ಅಲುಗುತ್ತಿದೆಯೋ ಕಾಣುವುದಿಲ್ಲ, ಕಂಡಿದ್ದರೆ ಊಹಿಸಿ ನಾನೇ ಹೇಳಿಬಿಡುತ್ತಿದ್ದೆ. ಹತ್ತು ಎಣಿಸಿದೆ. ಇನ್ನೊಮ್ಮೆ ಹತ್ತು ಎಣಿಸಿದೆ. ಆಚೆ ಬದುವಿನ ಮೇಲಿದ್ದವರು ಮಾತು ನಿಲ್ಲಿಸಿ ನೋಡುತ್ತಿದ್ದರು. ಬುಟ್ಟಿಯಿಂದ ಭಜ್ಜಿಯ ಬಿಸಿ ನನ್ನ ಸೊಂಟಕ್ಕೆ ತಾಗುತ್ತಿತ್ತು. ಎಷ್ಟು ಸಲ ಹತ್ತಾಯಿತೋ ಲೆಕ್ಕ ತಪ್ಪಿದ ಮೇಲೆ ಹಿಂದಿನಿಂದ ಒಂದು ದನಿ ಬಂತು. “…ಗ್ಯೋ.” ಬರೀ ಬಾಲ. ತಲೆ ಎಲ್ಲೋ ಒಳಗೇ ಉಳಿದಿತ್ತು. ಆದರೆ ಅದು ಓಗೊಟ್ಟದ್ದೇ, ಅನುಮಾನವಿರಲಿಲ್ಲ. ನಾನು ಹೆಜ್ಜೆ ಇಟ್ಟೆ.

ಎರಡನೆಯ ಮೂಲೆಯಲ್ಲೂ ಅಷ್ಟೇ ಬಂತು, ಅಷ್ಟೇ ತಡವಾಗಿ. ಮೂರನೆಯದರಲ್ಲಿ ‘ಬ್ರಗ್ಯೋ’ ಎಂದಿತು. ಆ ನಡುವಿನ ಹೊತ್ತುಗಳಲ್ಲಿ ನಾನು ಬರೀ ನಿಂತಿದ್ದೆ. ಎಣಿಸುವುದನ್ನೂ ಬಿಟ್ಟೆ. ಜೋಳದ ಎಲೆ ಒಂದಕ್ಕೊಂದು ತಿಕ್ಕಿಕೊಳ್ಳುವುದು ಕೇಳುತ್ತಿತ್ತು. ನನಗೆ ಮಾತು ಕಲಿಸಿದವನು, ನಾನು ತೊದಲುವಾಗ ಎಷ್ಟು ಸಲ ಹೀಗೆ ಕಾದು ನಿಂತಿರಬೇಕು ಎಂದು ಅನಿಸಿತು. ನಾವು ಮನೆಯವರಿಗೆ ಥ್ಯಾಂಕ್ಸ್ ಹೇಳುವವರಲ್ಲ, ಹೇಳಿದರೆ ಪರಕೀಯರನ್ನಾಗಿ ಮಾಡಿದಂತೆ. ಆದರೆ ಅವತ್ತು ಆ ಹೊಲದಲ್ಲಿ, ಬೆನ್ನು ಮಾಡಿ ನಿಂತು, ನಾನು ಅಪ್ಪನಿಗೆ, ಚಾಚಾರಿಗೆ, ಎದುರಿನ ಬೆಳೆಗೆ, ಅವ್ವ ದಿನಾ ಸುಮ್ಮನೆ ನೋಡುತ್ತ ಕೂಡುವ ಆ ದೇವರಿಗೆ, ಎಲ್ಲರಿಗೂ ಋಣಿ ಎಂದು ಮನಸ್ಸು ತುಂಬಿ ಅಂದುಕೊಂಡೆ. ಯಾರಿಗೂ ಹೇಳಲಿಲ್ಲ.

ನಾಲ್ಕನೆಯ ಮೂಲೆ. ಕಣ್ಣಲ್ಲಿ ನೀರು ಬಂದು ಮುಂದಿನ ಸಾಲು ಕಾಣುತ್ತಿರಲಿಲ್ಲ. ಕೂಗಿದೆ, ಎರಚಿದೆ. ಇದು ಕೊನೆಯದು, ಮುಗಿಯಿತು ಎಂಬ ಗಡಿಬಿಡಿಯೋ, ಹಳೆಯ ಚಾಳಿಯೋ, ಕಾಯುವುದನ್ನು ಮರೆತು ಕಾಲೆತ್ತಿಬಿಟ್ಟೆ.

“ತಡಿ.”

ಹಿಂದಿನಿಂದ ಬಂತು. ಸ್ವಲ್ಪ ಒಡೆದ ದನಿ, ಆದರೆ ಇಡೀ ಮಾತು. ತಲೆಯೂ ಇತ್ತು, ಬಾಲವೂ ಇತ್ತು, ನಡುವೆ ಆ ಹಳೆಯ ಸಿಟ್ಟೂ ಇತ್ತು. ಗಣಪತಿ ಹಬ್ಬದಿಂದ ಈಚೆಗೆ ಅಪ್ಪ ಆಡಿದ ಮೊದಲ ಮಾತು ಅದು. ಚಾಚಾ ‘ಯಾ ಅಲ್ಲಾ’ ಎಂದು ಉಸಿರು ಬಿಟ್ಟದ್ದು ಕೇಳಿಸಿತು, ದೂರದಲ್ಲಿ ಅವ್ವನ ಬಳೆ ಸದ್ದಾಯಿತು. ತಿರುಗಿ ಓಡಿಹೋಗಿ ಅವನನ್ನು ತಬ್ಬಿಕೊಳ್ಳಬೇಕು ಎನಿಸಿತು. ತಿರುಗುವಂತಿರಲಿಲ್ಲ. ಅವನು ಇನ್ನೂ ಮುಗಿಸಿರಲಿಲ್ಲ.

ಎತ್ತಿದ ಕಾಲನ್ನು ಹಿಂದಕ್ಕಿಟ್ಟು, ಬುಟ್ಟಿ ಹಿಡಿದು ನಿಂತೆ.